ಇಂಗ್ಲಿಷಿನ ಸಮಸ್ತ ಕ್ರಿಯಾಪದಗಳ ಭೂತರೂಪ: ಒಂದು ಚಾರಿತ್ರಿಕ ನೋಟ

ಇಂಗ್ಲಿಷಿನಲ್ಲಿ ‘ಸ್ಟ್ಯಾಂಡ್’ ಎಂಬ ಕ್ರಿಯಾಪದದ ಭೂತರೂಪ ‘ಸ್ಟುಡ್’. ಅದನ್ನೇ ಉತ್ತರಪದವಾಗಿ ಉಳ್ಳ ‘ಅಂಡರ್‌ಸ್ಟ್ಯಾಂಡ್’, ‘ವಿತ್‌ಸ್ಟ್ಯಾಂಡ್’ಗಳೂ ‘ಅಂಡರ್‌ಸ್ಟುಡ್’, ‘ವಿತ್‌ಸ್ಟುಡ್’ ಎಂದಾಗುತ್ತವೆ. ಆದರೆ ನೋಡುಗರ ಮೆಚ್ಚುಗೆಗಾಗಿ ಆಡಂಬರ ತೋರುವುದೆಂಬ ಅರ್ಥದ ‘ಗ್ರ್ಯಾಂಡ್‌ಸ್ಟ್ಯಾಂಡ್’ ಮಾತ್ರ ‘ಗ್ರ್ಯಾಂಡ್‌ಸ್ಟ್ಯಾಂಡೆಡ್’ ಆಗುತ್ತದೆ. ಇಂಥವನ್ನು ಅಪವಾದಗಳೆಂದು ಕಂಠಪಾಠ ಮಾಡುವುದು ವಿದ್ಯಾರ್ಥಿಗಳ ರೂಢಿ. ವಸ್ತುತಃ ಇದು ಅಪವಾದವಲ್ಲ. ಆ ಪದವು ಹುಟ್ಟಿದ ಬಗೆಗೆ ಅದರ ಭೂತರೂಪವೇ ನುಡಿಯುವ ಸಾಕ್ಷ್ಯ.

ಜರ್ಮ್ಯಾನಿಕ್ ಭಾಷೆಗಳ ಕ್ರಿಯಾಪದಗಳನ್ನು ಯಾಕೋಬ್ ಗ್ರಿಮ್ ‘ಪ್ರಬಲ’, ‘ದುರ್ಬಲ’ ಎಂದು ವಿಂಗಡಿಸಿದನು. ಪ್ರಬಲ ಕ್ರಿಯಾಪದಗಳು ಒಳಗಿನ ಸ್ವರವನ್ನು ಮಾರ್ಪಡಿಸಿಕೊಂಡು ಭೂತಕಾಲವನ್ನು ಸೂಚಿಸುತ್ತವೆ. ದುರ್ಬಲ ಕ್ರಿಯಾಪದಗಳು ‘ಡ’ಕಾರ ಅಥವಾ ‘ಟ’ಕಾರದ ಪ್ರತ್ಯಯವನ್ನು ಪಡೆಯುತ್ತವೆ. ‘ಅಂಡರ್‌ಸ್ಟ್ಯಾಂಡ್’, ‘ವಿತ್‌ಸ್ಟ್ಯಾಂಡ್’ಗಳು ಪ್ರಾಚೀನ ಇಂಗ್ಲಿಷಿನಲ್ಲಿಯೇ ಇದ್ದವು. ‘ವಿತ್’ ಎಂಬುದಕ್ಕೆ ಆಗ ‘ಎದುರಾಗಿ’ ಎಂಬ ಅರ್ಥವಿದ್ದಿತು. ಆ ಅರ್ಥವು ಇಂದು ಬಹುಮಟ್ಟಿಗೆ ಮರೆಯಾಗಿದೆ. ಆದರೂ ಉತ್ತರಪದವು ಕ್ರಿಯಾಪದವಾಗಿಯೇ ಉಳಿದುದರಿಂದ ಅದರ ಹಳೆಯ ಭೂತರೂಪವೂ ಉಳಿದುಬಂದಿತು.

‘ಗ್ರ್ಯಾಂಡ್‌ಸ್ಟ್ಯಾಂಡ್’ನ ಜನ್ಮವೇ ಬೇರೆ. ಅದು ಮೊದಲು ನಾಮಪದ; ಕ್ರೀಡಾಂಗಣದಲ್ಲಿ ಪ್ರೇಕ್ಷಕರು ಕೂರುವ ಮುಖ್ಯ ಮಂಟಪದ ಹೆಸರು. ಆ ನಾಮಪದವೇ ಅನಂತರ ಕ್ರಿಯಾಪದವಾಯಿತು. ನಾಮಪದಕ್ಕೆ ಭೂತರೂಪವಿಲ್ಲ, ಆದ್ದರಿಂದ ಅದರಿಂದ ಹುಟ್ಟಿದ ಕ್ರಿಯೆಗೆ ಸಾಮಾನ್ಯ ಪ್ರತ್ಯಯವೇ ಗತಿ. ‘ಹೈಲೈಟೆಡ್’, ‘ಮೂನ್‌ಲೈಟೆಡ್’ ಎಂಬ ರೂಪಗಳಿಗೂ ಇದೇ ಕಾರಣ. ಸ್ಟೀವನ್ ಪಿಂಕರ್ 1999ರ ‘ವರ್ಡ್ಸ್ ಅಂಡ್ ರೂಲ್ಸ್’ ಗ್ರಂಥದಲ್ಲಿ ಈ ತತ್ತ್ವವನ್ನು ವಿಸ್ತಾರವಾಗಿ ವಿವೇಚಿಸಿದ್ದಾರೆ.

ಎರಡು ಬಗೆಗಳ ಗಡಿಯಲ್ಲಿ ನಿಂತ ಪದಗಳೂ ಇವೆ. ‘ಬೇಬಿಸಿಟರ್’ ಎಂಬ ನಾಮಪದದಿಂದ ‘ಬೇಬಿಸಿಟ್’ ಎಂಬ ಕ್ರಿಯೆ ಹುಟ್ಟಿದರೂ ಅದರ ಭೂತರೂಪ ‘ಬೇಬಿಸ್ಯಾಟ್’. ಏಕೆಂದರೆ ‘ಸಿಟರ್’ ಎಂಬುದರಲ್ಲಿ ‘ಸಿಟ್’ ಕ್ರಿಯೆಯು ಸ್ಪಷ್ಟವಾಗಿ ಕಾಣುತ್ತದೆ. ‘ಬ್ರಾಡ್‌ಕಾಸ್ಟ್’ ಎಂಬುದು ಬೀಜವನ್ನು ಕೈಯಿಂದ ಚೆಲ್ಲಿ ಬಿತ್ತುವುದಕ್ಕೆ ಸಂಬಂಧಿಸಿದ ಕೃಷಿಯ ಪದವಾಗಿದ್ದು, 1920ರ ದಶಕದಲ್ಲಿ ರೇಡಿಯೋ ಪ್ರಸಾರಕ್ಕೆ ರೂಢವಾಯಿತು. ಅದರೊಳಗೆ ‘ಕಾಸ್ಟ್’ ಕ್ರಿಯೆಯನ್ನು ಕಂಡವರು ಭೂತದಲ್ಲಿಯೂ ‘ಬ್ರಾಡ್‌ಕಾಸ್ಟ್’ ಎಂದರು. ಇಡಿಯ ಪದವನ್ನು ಹೊಸದೆಂದು ಗ್ರಹಿಸಿದವರು ‘ಬ್ರಾಡ್‌ಕಾಸ್ಟೆಡ್’ ಎಂದರು. ಎರಡನ್ನೂ ನಿಘಂಟುಗಳು ದಾಖಲಿಸಿವೆ. ಮೊದಲನೆಯದೇ ಹೆಚ್ಚು ಬಳಕೆಯಲ್ಲಿದೆ.

ಕನ್ನಡದ ವಿದ್ಯಾರ್ಥಿಗೆ ಈ ವಿಚಾರವು ಅಪರಿಚಿತವೇನಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಕ್ರಿಯಾಸಮಾಸವನ್ನು ನಿರೂಪಿಸಿದ್ದಾನೆ. ‘ಕಿವಿಗೊಡು’ ಎಂಬಲ್ಲಿ ಉತ್ತರಪದವು ಕ್ರಿಯೆ. ಆದುದರಿಂದ ‘ಕೊಟ್ಟನು’ ಎಂಬಂತೆಯೇ ‘ಕಿವಿಗೊಟ್ಟನು’ ಎಂದಾಗುತ್ತದೆ. ‘ಚಿತ್ರ’ದಂಥ ನಾಮಪದವು ಕ್ರಿಯೆಯಾಗಬೇಕಾದರೆ ‘ಇಸು’ ಪ್ರತ್ಯಯ ಸೇರಿ ‘ಚಿತ್ರಿಸು’ ಆಗುತ್ತದೆ. ಅದರ ಭೂತರೂಪ ‘ಚಿತ್ರಿಸಿದನು’. ಅಂದರೆ ಕನ್ನಡದಲ್ಲಿ ನಾಮಜನ್ಯ ಕ್ರಿಯೆಯ ಮೂಲವು ಧಾತುವಿನಲ್ಲಿಯೇ ವ್ಯಕ್ತವಾಗುತ್ತದೆ. ಇಂಗ್ಲಿಷಿನಲ್ಲಿ ನಾಮಪದವೂ ಕ್ರಿಯಾಪದವೂ ಒಂದೇ ರೂಪದಲ್ಲಿರಬಲ್ಲವು. ಅಲ್ಲಿ ಮೂಲವನ್ನು ಹೊರಗೆಡಹುವುದು ಅನೇಕ ವೇಳೆ ಭೂತರೂಪವೇ. ಆದುದರಿಂದ ಸಮಸ್ತ ಕ್ರಿಯಾಪದವೊಂದು ಎದುರಾದಾಗ ಅದರ ಕೊನೆಯ ಪದ ಯಾವುದೆಂದು ಕೇಳಿದರೆ ಸಾಲದು. ಆ ಪದವು ಅಲ್ಲಿ ಕ್ರಿಯೆಯಾಗಿ ಬಂದಿದೆಯೋ ನಾಮವಾಗಿ ಬಂದಿದೆಯೋ ಎಂಬುದನ್ನೂ ಕೇಳಬೇಕು.