ಮೂಳೆಯ ಲೆಕ್ಕ

ಸ್ತನ ಕ್ಯಾನ್ಸರಿಗೆ ಕೊಡುವ ಹಾರ್ಮೋನ್ ಚಿಕಿತ್ಸೆಯ ಇತಿಹಾಸ ಓದೋಕೆ ಕೂತವರಿಗೆ ಮೊದಲು ಎದುರಾಗೋದು ಆಸ್ಪತ್ರೆಯಲ್ಲ, ಹಸು. 1870ರ ದಶಕದಲ್ಲಿ ಸ್ಕಾಟ್ಲೆಂಡಿನ ಜಾರ್ಜ್ ಬೀಟ್ಸನ್ ಎಂಬ ಯುವ ವೈದ್ಯರು ಎದೆಹಾಲಿನ ಬಗ್ಗೆ ಪ್ರಬಂಧ ಬರೆಯುತ್ತಿದ್ದರು. ಕೆಲವು ದೇಶಗಳಲ್ಲಿ ರೈತರು ಕರು ಹಾಕಿದ ಹಸುವಿನ ಅಂಡಾಶಯ ತೆಗೆಸಿಬಿಡುತ್ತಾರೆ, ಹಾಗೆ ಮಾಡಿದರೆ ಹಾಲು ಬತ್ತೋದಿಲ್ಲ ಅನ್ನೋ ಸಂಗತಿ ಅವರ ಕಿವಿಗೆ ಬಿತ್ತು. ಹೊಟ್ಟೆಯೊಳಗಿನ ಅಂಡಾಶಯಕ್ಕೂ ಅಷ್ಟು ದೂರದ ಕೆಚ್ಚಲಿಗೂ ಏನು ನಂಟು? ಈ ಪ್ರಶ್ನೆಯನ್ನು ಅವರು ಸುಮಾರು ಇಪ್ಪತ್ತು ವರ್ಷ ತಲೆಯಲ್ಲಿ ಇಟ್ಟುಕೊಂಡಿದ್ದರು. 1895ರಲ್ಲಿ ಗ್ಲಾಸ್ಗೋದಲ್ಲಿ, ಶಸ್ತ್ರಚಿಕಿತ್ಸೆ ಕೈಬಿಟ್ಟಿದ್ದ 33 ವರ್ಷದ ಒಬ್ಬ ತಾಯಿಯ ಅಂಡಾಶಯಗಳನ್ನು ತೆಗೆದರು. ಎದೆಯ ಗಡ್ಡೆ ತಿಂಗಳುಗಳಲ್ಲಿ ಕರಗುತ್ತಾ ಹೋಯಿತು. 1896ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದನ್ನು ಬರೆದರು.

ಆಗ 'ಹಾರ್ಮೋನ್' ಅನ್ನೋ ಪದವೇ ಹುಟ್ಟಿರಲಿಲ್ಲ; ಅದು ಬಂದದ್ದು 1905ರಲ್ಲಿ. ಈಸ್ಟ್ರೋಜನ್ ಎಂಬ ವಸ್ತುವಿನ ಸುಳಿವು ಸಿಕ್ಕಿದ್ದು 1923ರಲ್ಲಿ, ಅಮೆರಿಕದಲ್ಲಿ. ಕಾರಣ ಗೊತ್ತಿಲ್ಲದೇ ಇದ್ದರೂ ಬೀಟ್ಸನ್ ದಾರಿ ಸರಿಯಿತ್ತು: ಕೆಲವು ಗಡ್ಡೆಗಳಿಗೆ ಅಂಡಾಶಯವೇ ಊಟ ಹಾಕುತ್ತದೆ, ಊಟ ನಿಲ್ಲಿಸಿದರೆ ಗಡ್ಡೆ ಸೊರಗುತ್ತದೆ.

ನನಗೆ ಕುತೂಹಲ ಇರೋದು ಆ ಕಥೆಯಲ್ಲಿ ಯಾರೂ ಕೇಳದ ಪ್ರಶ್ನೆಯ ಬಗ್ಗೆ. ಅಂಡಾಶಯ ತೆಗೆದ ಆ ಹೆಂಗಸರ ಮೂಳೆ ಏನಾಯಿತು? ಆ ಕಾಲದ ವೈದ್ಯರನ್ನು ಇದಕ್ಕೆ ದೂರೋಕಾಗಲ್ಲ. ಬೀಟ್ಸನ್ ಅವರ ರೋಗಿಗಳಿಗೆ ಸಿಗುತ್ತಿದ್ದದ್ದು ಒಂದೆರಡು ವರ್ಷ, ಹೆಚ್ಚೆಂದರೆ ಮೂರು-ನಾಲ್ಕು. ಮೂಳೆ ಸವೆದು ಮುರಿಯೋದಕ್ಕೆ ಅದಕ್ಕಿಂತ ಹೆಚ್ಚು ಆಯುಷ್ಯ ಬೇಕು.

ಮೂಳೆಯ ಕಡೆಯ ಕಥೆ ಬೇರೆ ಊರಲ್ಲಿ, ಬೇರೆ ಜನರ ಕೈಯಲ್ಲಿ ನಡೆಯಿತು. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಫುಲರ್ ಆಲ್‌ಬ್ರೈಟ್ ಎಂಬ ವೈದ್ಯರಿದ್ದರು. ಪಾರ್ಕಿನ್ಸನ್ ಕಾಯಿಲೆಯಿಂದ ಅವರದೇ ಕೈ ನಡುಗುತ್ತಿದ್ದರೂ ಲೆಕ್ಕ ಇಡೋದು ಬಿಟ್ಟಿರಲಿಲ್ಲ. ಬೆನ್ನು ಗೂನಾಗಿ, ಎತ್ತರ ಕಮ್ಮಿಯಾಗಿ ಬರುತ್ತಿದ್ದ ರೋಗಿಗಳನ್ನು ಎಲ್ಲರೂ 'ವಯಸ್ಸಾಯ್ತಲ್ಲ' ಅಂತ ಕಳಿಸುತ್ತಿದ್ದರೆ, ಇವರು ಪಟ್ಟಿ ಮಾಡಿದರು. 65 ದಾಟದ ಅಂಥ 42 ರೋಗಿಗಳಲ್ಲಿ 40 ಮಂದಿ ಮುಟ್ಟು ನಿಂತ ಹೆಂಗಸರು. ಬರೀ ವಯಸ್ಸೇ ಕಾರಣವಾಗಿದ್ದರೆ ಗಂಡಸರೂ ಇರಬೇಕಿತ್ತಲ್ಲ? 1940-41ರಲ್ಲಿ ಆಲ್‌ಬ್ರೈಟ್ ತಂಡ ಬರೆದದ್ದು ಇಷ್ಟು: ಮುಟ್ಟು ನಿಂತಾಗ ಈಸ್ಟ್ರೋಜನ್ ಹೋಗುತ್ತದೆ, ಅದರ ಜೊತೆ ಮೂಳೆಯೂ ಹೋಗುತ್ತದೆ.

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ. ಮೂಳೆ ಕಲ್ಲಿನ ಕಂಬದ ಥರ ಒಮ್ಮೆ ನಿಲ್ಲಿಸಿ ಬಿಟ್ಟಿದ್ದಲ್ಲ. ಒಂದು ಜಾತಿಯ ಜೀವಕೋಶ ಹಳೇ ಮೂಳೆಯನ್ನು ಕೆರೆದು ತೆಗೆಯುತ್ತಲೇ ಇರುತ್ತದೆ, ಇನ್ನೊಂದು ಜಾತಿ ಅಲ್ಲೇ ಹೊಸದನ್ನು ತುಂಬುತ್ತದೆ. ಕೆರೆಯುವ ಗುಂಪಿಗೆ ಕಡಿವಾಣ ಹಾಕೋದು ಈಸ್ಟ್ರೋಜನ್. ಕಡಿವಾಣ ಹೋದರೆ ತೆಗೆಯೋದು ಜಾಸ್ತಿ, ತುಂಬೋದು ಕಮ್ಮಿ. ನೋವಿಲ್ಲ, ಸದ್ದಿಲ್ಲ, ಒಂದು ದಿನ ಬಚ್ಚಲಲ್ಲಿ ಜಾರಿದಾಗಲೋ, ಅಕ್ಕಿ ಮೂಟೆ ಎತ್ತಿದಾಗಲೋ ಗೊತ್ತಾಗುತ್ತದೆ.

ಅಂದ್ರೆ 1940ರ ಹೊತ್ತಿಗೆ ಎರಡೂ ಸತ್ಯಗಳು ಮೇಜಿನ ಮೇಲಿದ್ದವು. ಈಸ್ಟ್ರೋಜನ್ ಗಡ್ಡೆಗೆ ಊಟ. ಈಸ್ಟ್ರೋಜನ್ ಮೂಳೆಗೆ ಕಾವಲು. ಗಡ್ಡೆಯನ್ನು ಉಪವಾಸ ಕೆಡವಿದರೆ ಕಾವಲುಗಾರನೂ ಮನೆ ಬಿಡುತ್ತಾನೆ. ಈ ಇಕ್ಕಟ್ಟು ಯಾರಿಗೂ ದೊಡ್ಡದಾಗಿ ಕಾಡದೇ ಇದ್ದದ್ದಕ್ಕೆ ಮುಂದೆ ಬಂದ ಔಷಧಿಯೂ ಒಂದು ಕಾರಣ.

1962ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯಲ್ಲಿ ಡೋರಾ ರಿಚರ್ಡ್‌ಸನ್ ಎಂಬ ರಸಾಯನಶಾಸ್ತ್ರಜ್ಞೆ ಒಂದು ಸಂಯುಕ್ತ ತಯಾರಿಸಿದರು. ಹೆಸರು ಐಸಿಐ 46,474. ಆರ್ಥರ್ ವಾಲ್ಪೋಲ್ ನೇತೃತ್ವದ ಆ ತಂಡ ಹುಡುಕುತ್ತಿದ್ದದ್ದು ಗರ್ಭನಿರೋಧಕ. ಇಲಿಗಳಲ್ಲಿ ಕೆಲಸ ಮಾಡಿತು. ಹೆಂಗಸರಲ್ಲಿ ತದ್ವಿರುದ್ಧ, ಅಂಡ ಬಿಡುಗಡೆಗೇ ಸಹಾಯ ಮಾಡಿತು! ಗರ್ಭನಿರೋಧಕವಾಗಿ ಸೋತ ಆ ಮಾತ್ರೆಯನ್ನು ಮ್ಯಾಂಚೆಸ್ಟರಿನ ಕ್ರಿಸ್ಟಿ ಆಸ್ಪತ್ರೆಯಲ್ಲಿ ಮೇರಿ ಕೋಲ್ ಮತ್ತು ಸಂಗಡಿಗರು ಮುಂದುವರಿದ ಸ್ತನ ಕ್ಯಾನ್ಸರ್ ಇದ್ದ 46 ಮಂದಿಗೆ ಕೊಟ್ಟು ನೋಡಿದರು. 10 ಮಂದಿಗೆ ಒಳ್ಳೆಯ ಫಲ ಸಿಕ್ಕಿತು. ಆ ವರದಿ ಬಂದದ್ದು 1971ರಲ್ಲಿ. ಅದೇ ಇವತ್ತಿನ ಟ್ಯಾಮಾಕ್ಸಿಫೆನ್.

ಮುಂದೆ ಗಡ್ಡೆ ಮರಳದಿರಲಿ ಅಂತ ಆರೋಗ್ಯವಾಗಿರುವ ಹೆಂಗಸರಿಗೂ ವರ್ಷಗಟ್ಟಲೆ ಇದನ್ನು ಕೊಡೋಕೆ ಶುರುವಾದಾಗ ಸಹಜವಾಗೇ ಹೆದರಿಕೆ ಹುಟ್ಟಿತು: ಈಸ್ಟ್ರೋಜನ್ನಿಗೆ ಅಡ್ಡ ನಿಲ್ಲುವ ಮಾತ್ರೆ ಮೂಳೆಯನ್ನು ತಿಂದುಹಾಕಿದರೆ? 1992ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಿಂದ ಉತ್ತರ ಬಂತು. ಮುಟ್ಟು ನಿಂತ 140 ಮಹಿಳೆಯರನ್ನು ಎರಡು ವರ್ಷ ನೋಡಿದರೆ, ಟ್ಯಾಮಾಕ್ಸಿಫೆನ್ ತಗೊಂಡವರ ಬೆನ್ನುಮೂಳೆಯ ಸಾಂದ್ರತೆ ವರ್ಷಕ್ಕೆ ಶೇ. 0.61ರಷ್ಟು ಏರಿತ್ತು, ತಗೊಳ್ಳದವರದ್ದು ಶೇ. 1ರಷ್ಟು ಇಳಿದಿತ್ತು. ಎದೆಯಲ್ಲಿ ಈಸ್ಟ್ರೋಜನ್ನಿಗೆ ಎದುರಾಳಿ, ಮೂಳೆಯಲ್ಲಿ ಈಸ್ಟ್ರೋಜನ್ನಿನ ಬದಲಿ ಆಟಗಾರ. ಇದೇ ಗುಣ ಹುಡುಕಿಕೊಂಡು ಹೋದವರಿಗೆ ಸಿಕ್ಕಿದ್ದು, 1997ರಲ್ಲಿ ಮೂಳೆ ಸವೆತಕ್ಕೇ ಅನುಮತಿ ಪಡೆದ ರಲಾಕ್ಸಿಫೀನ್. ಒಂದು ಎಚ್ಚರಿಕೆ: ಟ್ಯಾಮಾಕ್ಸಿಫೆನ್ನಿನ ಈ ಉಪಕಾರ ಮುಟ್ಟು ನಿಂತವರಿಗೆ ಮಾತ್ರ. ಮುಟ್ಟು ಇರುವ ಕಿರಿಯರಲ್ಲಿ ಅದೇ ಮಾತ್ರೆ ಮೂಳೆಯನ್ನು ಸ್ವಲ್ಪ ಇಳಿಸುತ್ತದೆ.

ಇಲ್ಲಿಂದ ಕಥೆ ತಿರುಗುತ್ತದೆ. ಮುಟ್ಟು ನಿಂತ ಮೇಲೂ ದೇಹದ ಕೊಬ್ಬು, ಸ್ನಾಯುಗಳಲ್ಲಿ ಅರೋಮಟೇಸ್ ಎಂಬ ಕಿಣ್ವ ಒಂದಿಷ್ಟು ಈಸ್ಟ್ರೋಜನ್ ತಯಾರಿಸುತ್ತಲೇ ಇರುತ್ತದೆ. ಆ ಕಿಣ್ವಕ್ಕೇ ಬೀಗ ಹಾಕಿದರೆ? 1970ರ ದಶಕದಿಂದ ಏಂಜೆಲಾ ಬ್ರೋಡಿ ಹಟ ಹಿಡಿದು ಬೆನ್ನಟ್ಟಿದ ಈ ಯೋಚನೆಯ ಬಳಗಕ್ಕೆ ಸೇರಿದವೇ 1990ರ ದಶಕದಲ್ಲಿ ಬಂದ ಅನಾಸ್ಟ್ರೋಜೋಲ್, ಲೆಟ್ರೋಜೋಲ್, ಎಕ್ಸಿಮೆಸ್ಟೇನ್. ಈಸ್ಟ್ರೋಜನ್ನನ್ನು ಅಳೆಯೋಕೂ ಕಷ್ಟವಾಗುವಷ್ಟು ಕೆಳಗಿಳಿಸುವ ಔಷಧಿಗಳು ಇವು.

9,366 ಮಹಿಳೆಯರಿದ್ದ ಅಟ್ಯಾಕ್ ಎಂಬ ಪ್ರಯೋಗದಲ್ಲಿ ಅನಾಸ್ಟ್ರೋಜೋಲನ್ನು ಟ್ಯಾಮಾಕ್ಸಿಫೆನ್ ಎದುರು ನಿಲ್ಲಿಸಿದರು. ಕ್ಯಾನ್ಸರ್ ಮರಳದಂತೆ ತಡೆಯೋದರಲ್ಲಿ ಅನಾಸ್ಟ್ರೋಜೋಲ್ ಗೆದ್ದಿತು. ಆದರೆ 2005ರ ವರದಿಯಲ್ಲಿ ಮೂಳೆ ಮುರಿದುಕೊಂಡವರು ಆ ಕಡೆ ಶೇ. 11, ಈ ಕಡೆ ಶೇ. 7.7. ನ್ಯಾಯವಾಗಿ ಹೇಳಬೇಕೆಂದರೆ ಎದುರಾಳಿ ಟ್ಯಾಮಾಕ್ಸಿಫೆನ್ ಮೂಳೆಗೆ ಒಳ್ಳೆಯದು ಮಾಡುತ್ತಿತ್ತು, ಹಾಗಾಗಿ ಅಂತರ ದೊಡ್ಡದಾಗಿ ಕಂಡಿತು. ಮಾತ್ರೆ ನಿಲ್ಲಿಸಿದ ಮೇಲೆ ಈ ಅಂತರ ಉಳಿಯಲಿಲ್ಲ ಅಂತಲೂ ಮುಂದೆ ಗೊತ್ತಾಯಿತು. ಆದರೂ ಐದು ವರ್ಷ ಸಣ್ಣ ಅವಧಿಯಲ್ಲ.

ಕಿರಿಯರ ಪಾಡು ಇನ್ನೂ ಕಠಿಣ. ಮೂವತ್ತು-ನಲವತ್ತರ ಹೆಂಗಸರಲ್ಲಿ ಅಂಡಾಶಯವನ್ನು ಇಂಜೆಕ್ಷನ್ ಕೊಟ್ಟು ಮಲಗಿಸಿ, ಮೇಲಿಂದ ಮಾತ್ರೆ ಕೊಡುತ್ತಾರೆ. ಪ್ರಕೃತಿ ವರ್ಷಗಳಲ್ಲಿ ಮಾಡುವುದನ್ನು ಚಿಕಿತ್ಸೆ ಕೆಲವೇ ವಾರಗಳಲ್ಲಿ ಮುಗಿಸುತ್ತದೆ. ಆಸ್ಟ್ರಿಯಾದ ಪ್ರಯೋಗವೊಂದರಲ್ಲಿ ಮೂಳೆಗೆ ರಕ್ಷಣೆ ಕೊಡದ ಕಿರಿಯರಲ್ಲಿ ಮೂರೇ ವರ್ಷಕ್ಕೆ ಬೆನ್ನುಮೂಳೆಯ ಸಾಂದ್ರತೆ ಸರಾಸರಿ ಶೇ. 10ಕ್ಕಿಂತ ಹೆಚ್ಚು ಇಳಿದಿತ್ತು. ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಮರಳುವ ವಯಸ್ಸಲ್ಲಿ ಅಜ್ಜಿಯ ಮೂಳೆಯ ಕಡೆಗೆ ಪಯಣ!

ರಕ್ಷಣೆ ಬಂದದ್ದು ಎಲ್ಲಿಂದ? ಇದು ನನಗೆ ಇಡೀ ಇತಿಹಾಸದಲ್ಲೇ ಇಷ್ಟವಾದ ಭಾಗ. ಬೆಂಗಳೂರಿನ ಬೋರ್‌ವೆಲ್ ನೀರು ಬಳಸುವವರಿಗೆ ಗೀಸರ್ ಕಾಯಿಲ್ ಮೇಲೆ ಕಟ್ಟುವ ಬಿಳಿ ಪೊರೆ ಗೊತ್ತಲ್ಲ, ಅದು ಸುಣ್ಣದಂಶ. ಕೈಗಾರಿಕೆಗಳಲ್ಲಿ ಹಾಗೆ ಪೊರೆ ಕಟ್ಟದಂತೆ ಫಾಸ್ಫೇಟ್ ಬಳಗದ ರಾಸಾಯನಿಕಗಳನ್ನು ಬೆರೆಸುತ್ತಿದ್ದರು. ಬಟ್ಟೆ ತೊಳೆಯುವ ಪುಡಿಯಲ್ಲೂ ಅವಿದ್ದವು. ಸ್ವಿಟ್ಜರ್ಲೆಂಡಿನ ಹರ್ಬರ್ಟ್ ಫ್ಲೈಶ್ ಮತ್ತು ಸಂಗಡಿಗರು 1960ರ ದಶಕದಲ್ಲಿ ಅಂಥದ್ದೇ ವಸ್ತು, ಪೈರೋಫಾಸ್ಫೇಟ್, ನಮ್ಮ ರಕ್ತ-ಮೂತ್ರದಲ್ಲೂ ಇದೆ, ಕ್ಯಾಲ್ಸಿಯಂ ಎಲ್ಲೆಂದರಲ್ಲಿ ಗಟ್ಟಿಯಾಗದಂತೆ ತಡೆಯುತ್ತದೆ ಅಂತ ತೋರಿಸಿದರು. ದೇಹ ಅದನ್ನು ಬೇಗ ಒಡೆದುಹಾಕುತ್ತಿತ್ತು. ಹಾಗಾಗಿ ನಡುವಿನ ಆಮ್ಲಜನಕದ ಜಾಗದಲ್ಲಿ ಇಂಗಾಲ ಇರುವ, ಒಡೆಯದ ಅಣುಗಳನ್ನು ಹಿಡಿದರು. ಇವು ಬಿಸ್ಫಾಸ್ಫೊನೇಟ್‌ಗಳು. ಮೂಳೆಗೆ ಅಂಟಿಕೊಂಡು ಕೂರುತ್ತವೆ, ಕೆರೆಯಲು ಬಂದ ಜೀವಕೋಶದ ಹೊಟ್ಟೆ ಸೇರಿ ಅದನ್ನೇ ಸುಮ್ಮನಾಗಿಸುತ್ತವೆ. ಮೇಲೆ ಹೇಳಿದ ಆಸ್ಟ್ರಿಯಾದ ಪ್ರಯೋಗದಲ್ಲಿ ಆರು ತಿಂಗಳಿಗೊಮ್ಮೆ ಜೊಲೆಡ್ರಾನಿಕ್ ಆಸಿಡ್ ಪಡೆದ ಗುಂಪಿನ ಮೂಳೆ ಹಾಗೇ ಉಳಿಯಿತು.

ಇಷ್ಟಕ್ಕೇ ಮುಗಿದಿದ್ದರೆ ಇದು ಅಡ್ಡಪರಿಣಾಮ ನಿಭಾಯಿಸಿದ ಕಥೆ ಆಗಿರುತ್ತಿತ್ತು. 2009ರಲ್ಲಿ ಅದೇ ತಂಡ ಇನ್ನೊಂದು ವಿಷಯ ಹೇಳಿತು: ಮೂಳೆಯ ಇಂಜೆಕ್ಷನ್ ಪಡೆದವರಲ್ಲಿ ಕ್ಯಾನ್ಸರ್ ಮರಳಿದ್ದೂ ಕಮ್ಮಿ. ಬ್ರಿಟನ್ನಿನ ದೊಡ್ಡ ಪ್ರಯೋಗವೊಂದು ಒಟ್ಟಾರೆ ಲಾಭವಿಲ್ಲ ಎಂದಿತು, ಆದರೆ ಮುಟ್ಟು ನಿಂತು ವರ್ಷಗಳಾದವರಲ್ಲಿ ಇದೆ ಎಂದಿತು. ವರ್ಷಗಳ ವಾಗ್ವಾದ ನಡೆಯಿತು. ಕೊನೆಗೆ 2015ರಲ್ಲಿ 18,766 ಮಹಿಳೆಯರ ಲೆಕ್ಕವನ್ನು ಒಟ್ಟುಗೂಡಿಸಿ ನೋಡಿದಾಗ ಚಿತ್ರ ತಿಳಿಯಾಯಿತು. ಮುಟ್ಟು ನಿಂತವರಲ್ಲಿ ಬಿಸ್ಫಾಸ್ಫೊನೇಟ್‌ನಿಂದ ಕ್ಯಾನ್ಸರ್ ಮೂಳೆಗೆ ಮರಳುವ ಸಾಧ್ಯತೆ ಕಾಲು ಭಾಗಕ್ಕೂ ಹೆಚ್ಚು, ಸ್ತನ ಕ್ಯಾನ್ಸರಿನಿಂದ ಸಾವು ಶೇ. 18ರಷ್ಟು ಇಳಿದಿತ್ತು. ಮುಟ್ಟು ಇನ್ನೂ ಇದ್ದವರಲ್ಲಿ ಈ ಲಾಭ ಕಾಣಲಿಲ್ಲ.

ಇದನ್ನು ಓದಿದಾಗ ನನಗೆ ನೆನಪಾದದ್ದು ಬೀಟ್ಸನ್‌ಗಿಂತ ಹಳಬರಾದ ಒಂದು ಲೇಖನ. 1889ರಲ್ಲಿ ಲಂಡನ್ನಿನ ಸ್ಟೀಫನ್ ಪ್ಯಾಜೆಟ್ ಸ್ತನ ಕ್ಯಾನ್ಸರಿನಿಂದ ಸತ್ತ 735 ಮಂದಿಯ ದಾಖಲೆ ಜಾಲಾಡಿ, ಈ ರೋಗ ಎಲ್ಲೆಂದರಲ್ಲಿ ಹರಡೋದಿಲ್ಲ, ಬೀಜಕ್ಕೆ ತಕ್ಕ ಮಣ್ಣು ಬೇಕು ಎಂದಿದ್ದರು. ಮೂಳೆ ಅಂಥ ಮಣ್ಣು. ಬೀಜದ ಹಿಂದೆ ಬಿದ್ದ ನಮಗೆ ಮಣ್ಣನ್ನೂ ನೋಡಿಕೊಳ್ಳಬೇಕು ಅಂತ ಸಾಬೀತಾಗೋಕೆ 126 ವರ್ಷ ಬೇಕಾಯಿತು.

ಈಗ ಚಿಕಿತ್ಸೆಯಲ್ಲಿರುವ ಅಮ್ಮ, ಅತ್ತಿಗೆ, ಗೆಳತಿ ಅಥವಾ ಸಹೋದ್ಯೋಗಿ ನಿಮ್ಮ ಸುತ್ತ ಇರಬಹುದು. ಅವರ ಮಟ್ಟಿಗೆ ಈ ಇತಿಹಾಸದ ಸಾರ ಕೆಲವು ಪ್ರಶ್ನೆಗಳಷ್ಟೆ. ಅರೋಮಟೇಸ್ ತಡೆಯುವ ಮಾತ್ರೆ ಅಥವಾ ಅಂಡಾಶಯ ಮಲಗಿಸುವ ಇಂಜೆಕ್ಷನ್ ಶುರುವಾಗುವ ಹೊತ್ತಲ್ಲೇ ಡೆಕ್ಸಾ ಸ್ಕ್ಯಾನ್ ಆಗಿದೆಯಾ? ಒಂದೆರಡು ವರ್ಷಕ್ಕೆ ಮತ್ತೆ ಆಗುತ್ತಾ? ವಿಟಮಿನ್ ಡಿ ನೋಡಿದ್ದಾರಾ? ಊಟದಲ್ಲಿ ಕ್ಯಾಲ್ಸಿಯಂ ಸಾಕಷ್ಟಿದೆಯಾ? ನಮ್ಮ 100 ಗ್ರಾಂ ರಾಗಿಯಲ್ಲೇ ಸುಮಾರು 350 ಮಿಲಿಗ್ರಾಂ ಇದೆ, ಆದರೆ ಮುದ್ದೆ ಔಷಧಿಯ ಬದಲಿಯಲ್ಲ. ದಿನಾ ನಡಿಗೆ, ಸ್ವಲ್ಪ ಭಾರ ಎತ್ತುವ ವ್ಯಾಯಾಮ ಆಗ್ತಿದೆಯಾ? ಈ ಮಾತ್ರೆಗಳಿಂದ ಕೀಲು ನೋವು ಬರೋದರಿಂದ ನಡಿಗೆಯೇ ಮೊದಲು ನಿಂತುಹೋಗುತ್ತದೆ, ಅದನ್ನು ವೈದ್ಯರಿಗೆ ಹೇಳಬೇಕು.

ಮೂಳೆಯ ಇಂಜೆಕ್ಷನ್ ಬೇಕೋ ಬೇಡವೋ ಅನ್ನೋದು ವೈದ್ಯರ ಜೊತೆ ಕೂತು ತೀರ್ಮಾನಿಸುವ ಮಾತು. ಅದಕ್ಕೂ ಮೊದಲು ಹಲ್ಲು ತೋರಿಸಿಕೊಂಡಿರಬೇಕು, ಯಾಕಂದ್ರೆ ಅಪರೂಪಕ್ಕೆ ದವಡೆ ಮೂಳೆಗೆ ತೊಂದರೆಯಾಗುತ್ತದೆ. ಡೆನೋಸುಮ್ಯಾಬ್ ಎಂಬ ಇನ್ನೊಂದು ಇಂಜೆಕ್ಷನ್ 2015ರ ಪ್ರಯೋಗದಲ್ಲಿ ಮೂಳೆ ಮುರಿತವನ್ನು ಅರ್ಧಕ್ಕೆ ಇಳಿಸಿತು. ಅದನ್ನು ನಮ್ಮಷ್ಟಕ್ಕೆ ನಾವೇ ನಿಲ್ಲಿಸಿದರೆ ಸವೆತ ವೇಗವಾಗಿ ಮರಳಿ ಬೆನ್ನುಮೂಳೆ ಮುರಿಯುವ ಅಪಾಯವಿದೆ. ಮುಖ್ಯವಾಗಿ, ಮೂಳೆಗೆ ಹೆದರಿ ಕ್ಯಾನ್ಸರ್ ಮಾತ್ರೆ ಬಿಡಬಾರದು. ಎರಡನ್ನೂ ಒಟ್ಟಿಗೆ ನೋಡಿಕೊಳ್ಳುವ ದಾರಿ ಈಗ ಇದೆ.

ಆಲ್‌ಬ್ರೈಟ್ ಮಾಡಿದ್ದೂ ಇಷ್ಟೇ: 'ವಯಸ್ಸಾಯ್ತಲ್ಲ' ಅನ್ನೋ ಉತ್ತರ ಒಪ್ಪದೆ ಎಣಿಸಿ ನೋಡಿದರು. ನಮ್ಮ ಮನೆಯವರ ಫೈಲಿನಲ್ಲಿ ಗಡ್ಡೆಯ ರಿಪೋರ್ಟಿನ ಪಕ್ಕ ಮೂಳೆಯದ್ದೂ ಒಂದು ರಿಪೋರ್ಟ್ ಇದೆಯಾ ಅಂತ ಈ ವಾರ ಒಮ್ಮೆ ತೆಗೆದು ನೋಡಿ. ಇಲ್ಲದಿದ್ದರೆ ಮುಂದಿನ ಸಲ ಹೋದಾಗ ಕೇಳಿ.