ಹಣ್ಣಿನ ಮೋಚಿ: ದೋಸೆ ಅಕ್ಕಿ ಹಿಟ್ಟಿನಲ್ಲಿ ಆಗುತ್ತದೆಯೇ? ಗಂಟಲಲ್ಲಿ ಸಿಕ್ಕಿಕೊಳ್ಳುವುದು ನಿಜವೇ?

ಮಾವು, ಸ್ಟ್ರಾಬೆರಿ ಬಣ್ಣದ ಮೆತ್ತನೆಯ ಉಂಡೆಗಳನ್ನು ರಬ್ಬರಿನಂತೆ ಎಳೆದು ತೋರಿಸುವ ರೆಸಿಪಿ ವಿಡಿಯೊಗಳನ್ನು ನೀವೂ ನೋಡಿರಬಹುದು. ಇದು ಜಪಾನಿನ ‘ಮೋಚಿ’. ಇದರ ಬಗ್ಗೆ ಓದುಗರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ. ಮೊದಲಿಗೆ ಚುಟುಕಾಗಿ: ಮನೆಯಲ್ಲಿ ಮಾಡುವುದು ಸುಲಭ, ಆದರೆ ಹಿಟ್ಟು ಬೇರೆ ಬೇಕು. ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯ ನಿಜ. ಮಕ್ಕಳು ಮತ್ತು ಹಿರಿಯರಿರುವ ಮನೆಯಲ್ಲಿ ಇದನ್ನು ತಿಳಿಯದೆ ಮಾಡಬೇಡಿ.

ಮೋಚಿ ಎಂದರೇನು?

ಜಪಾನಿನಲ್ಲಿ ‘ಮೋಚಿಗೋಮೆ’ ಎಂಬ ಅಂಟು ಅಕ್ಕಿಯನ್ನು ಹಬೆಯಲ್ಲಿ ಬೇಯಿಸಿ, ಒರಳಿಗೆ ಹಾಕಿ, ಮರದ ಕೊಡತಿಯಿಂದ ಕುಟ್ಟಿ ಮೋಚಿ ಮಾಡುತ್ತಾರೆ. ಹೊಸ ವರ್ಷಕ್ಕೆ ಇದು ಇರಲೇಬೇಕು. ಒಳಗೆ ಸಿಹಿ ಹೂರಣ ತುಂಬಿದರೆ ಅದು ‘ದೈಫುಕು’. ಹೂರಣದ ಜೊತೆ ಇಡೀ ಸ್ಟ್ರಾಬೆರಿ ಇಟ್ಟ ‘ಇಚಿಗೊ ದೈಫುಕು’ ಜನಪ್ರಿಯವಾದದ್ದು 1980ರ ದಶಕದಲ್ಲಿ. ಹಿಟ್ಟಿಗೇ ಹಣ್ಣಿನ ರಸ ಕಲಸುವುದು ಮನೆಯಲ್ಲಿ ಮಾಡಲು ಇನ್ನೂ ಸುಲಭವಾದ ವಿಧಾನ.

ಅಷ್ಟು ಹಿಗ್ಗುತ್ತದಲ್ಲ, ಪ್ಲಾಸ್ಟಿಕ್ ಬೆರೆಸಿದ್ದಾರೆಯೇ?

ಇಲ್ಲ. ಅಕ್ಕಿಯ ಪಿಷ್ಟದಲ್ಲಿ ಅಮೈಲೋಸ್ ಮತ್ತು ಅಮೈಲೋಪೆಕ್ಟಿನ್ ಎಂಬ ಎರಡು ಬಗೆಗಳಿವೆ. ಅಮೈಲೋಸ್ ನೇರ ದಾರದಂತೆ, ಅಮೈಲೋಪೆಕ್ಟಿನ್ ಕೊಂಬೆ ಕೊಂಬೆಯಾಗಿ ಕವಲೊಡೆದ ಮರದಂತೆ. ಅನ್ನ ಉದುರುದುರಾಗಲು ಅಮೈಲೋಸ್ ಕಾರಣ. ಅಂಟು ಅಕ್ಕಿಯಲ್ಲಿ ಅದು ಬಹುತೇಕ ಇಲ್ಲವೇ ಇಲ್ಲ. ಬೆಂದಾಗ ಕವಲುಗಳು ಒಂದಕ್ಕೊಂದು ಹೆಣೆದುಕೊಂಡು ಹಿಟ್ಟು ಹಿಗ್ಗುತ್ತದೆ.

ಕಡುಬಿಗೆ ಉಕ್ಕರಿಸಿದ ಹಿಟ್ಟನ್ನು ಎಳೆದರೆ ತುಂಡಾಗುವುದಕ್ಕೂ ಕಾರಣ ಇದೇ. ಹಾಗಾಗಿ ದೋಸೆ ಅಕ್ಕಿ, ಸೋನಾ ಮಸೂರಿ ಅಥವಾ ಅಂಗಡಿಯ ಮಾಮೂಲಿ ಅಕ್ಕಿ ಹಿಟ್ಟಿನಲ್ಲಿ ಮೋಚಿ ಬರುವುದಿಲ್ಲ. ಪೊಟ್ಟಣದ ಮೇಲೆ ‘ಗ್ಲುಟಿನಸ್ ರೈಸ್ ಫ್ಲೋರ್’ ಎಂದಿರಬೇಕು. ನಮ್ಮ ದೇಶದಲ್ಲೂ ಇಂಥ ಅಕ್ಕಿ ಇದೆ, ಅಸ್ಸಾಮಿನ ಬೋರಾ ಅಕ್ಕಿ ಅದೇ ಜಾತಿಯದು.

ಹೆಸರಿನಲ್ಲಿ ‘ಗ್ಲುಟಿನಸ್’ ಇದ್ದರೂ ಗೋಧಿಯಲ್ಲಿರುವ ಗ್ಲುಟೆನ್ ಇದರಲ್ಲಿಲ್ಲ. ಅಂಟು ಎಂಬ ಅರ್ಥದಲ್ಲಿ ಆ ಹೆಸರು ಬಂದಿದೆ. ಆದರೆ ಗೋಧಿ ಆಗದವರು ಪೊಟ್ಟಣದ ಮೇಲಿನ ಅಲರ್ಜಿ ಸೂಚನೆ ಓದಿಯೇ ಕೊಳ್ಳಬೇಕು.

ಮನೆಯಲ್ಲಿ ಮಾಡುವುದು ಹೇಗೆ?

ಬೇಕಾಗುವುದು: ಅಂಟು ಅಕ್ಕಿ ಹಿಟ್ಟು 100 ಗ್ರಾಂ, ಸಕ್ಕರೆ 50 ಗ್ರಾಂ, ಮಾವಿನ ತಿರುಳು 100 ಗ್ರಾಂ, ನೀರು ಸುಮಾರು 80 ಮಿ.ಲೀ., ಉದುರಿಸಲು ಕಾರ್ನ್‌ಫ್ಲೋರ್.

1. ಕಾರ್ನ್‌ಫ್ಲೋರನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೆಲವು ನಿಮಿಷ ಹುರಿದಿಡಿ. ಹಸಿ ಹಿಟ್ಟನ್ನು ಹಾಗೇ ತಿನ್ನುವುದು ಒಳ್ಳೆಯದಲ್ಲ.
2. ಉಳಿದದ್ದನ್ನೆಲ್ಲ ಗಂಟಿಲ್ಲದಂತೆ ಕಲಸಿ. ದೋಸೆ ಹಿಟ್ಟಿನ ಹದ ಬಂದರೆ ಸಾಕು.
3. ಎಣ್ಣೆ ಸವರಿದ ಪಾತ್ರೆಗೆ ಹಾಕಿ, ಮೇಲೆ ಬಟ್ಟೆ ಮುಚ್ಚಿ, ಇಡ್ಲಿ ಪಾತ್ರೆಯಲ್ಲಿ 20 ನಿಮಿಷ ಬೇಯಿಸಿ. ಬಿಳಿಯ ಹಸಿ ಹಿಟ್ಟು ಎಲ್ಲೂ ಉಳಿಯದೆ, ಇಡೀ ಮುದ್ದೆ ಹೊಳಪಾಗಿ ಅಂಟಂಟಾಗಿದ್ದರೆ ಬೆಂದಿದೆ ಎಂದರ್ಥ.
4. ಒದ್ದೆ ಸೌಟಿನಿಂದ ಎರಡು ಮೂರು ನಿಮಿಷ ಚೆನ್ನಾಗಿ ನಾದಿ, ಹುರಿದ ಹಿಟ್ಟಿನ ಮೇಲೆ ಹರಡಿ, ಆರಿದ ಮೇಲೆ ಕತ್ತರಿಸಿ.

ಸ್ಟ್ರಾಬೆರಿಯಾದರೆ ರುಬ್ಬಿ ಇದೇ ಅಳತೆಯಲ್ಲಿ ಬಳಸಿ, ನೀರು ಸ್ವಲ್ಪ ಕಡಿಮೆ ಮಾಡಿ. ನಿಂಬೆಯಂಥ ತುಂಬ ಹುಳಿ ರಸವನ್ನು ಮೊದಲೇ ಹೆಚ್ಚು ಹಾಕಿ ಬೇಯಿಸಬೇಡಿ. ಹುಳಿಯಲ್ಲಿ ಕುದಿದ ಪಿಷ್ಟ ಒಡೆದು ಮುದ್ದೆ ಸಡಿಲವಾಗುತ್ತದೆ. ಕೊನೆಗೆ ಒಂದೆರಡು ಹನಿ ಸಾಕು.

ಫ್ರಿಜ್‌ನಲ್ಲಿಟ್ಟರೆ ಗಟ್ಟಿಯಾಗುವುದೇಕೆ?

ಬೆಂದ ಪಿಷ್ಟ ತಣ್ಣಗಾದಾಗ ಮತ್ತೆ ಒತ್ತಾಗಿ ಜೋಡಿಕೊಳ್ಳುತ್ತದೆ. ಫ್ರಿಜ್‌ನ ತಂಪಿನಲ್ಲಿ ಇದು ಬೇಗ ಆಗುತ್ತದೆ. ಸಕ್ಕರೆ ನೀರನ್ನು ಹಿಡಿದಿಟ್ಟುಕೊಂಡು ಇದನ್ನು ನಿಧಾನಗೊಳಿಸುತ್ತದೆ. ಆದ್ದರಿಂದ ಸಕ್ಕರೆ ಪೂರ್ತಿ ಬಿಟ್ಟರೆ ಮೋಚಿ ಬೇಗ ಗಟ್ಟಿಯಾಗುತ್ತದೆ. ಹಣ್ಣು ಸೇರಿದ ಮೋಚಿಯನ್ನು ಅಂದೇ ತಿಂದು ಮುಗಿಸಿ.

‘ಹಬೆಯಲ್ಲಿ ಬೆಂದದ್ದು, ಎಣ್ಣೆ ಇಲ್ಲ, ಶುಗರ್ ಇದ್ದವರೂ ತಿನ್ನಬಹುದು’ ಎಂಬ ಮಾತು ತಪ್ಪು. ಅಮೈಲೋಪೆಕ್ಟಿನ್ ಬೇಗ ಜೀರ್ಣವಾಗಿ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ಇಲ್ಲಿ ಸಕ್ಕರೆಯೂ ಸೇರಿದೆ.

ಅಪಾಯ ಎಷ್ಟು ನಿಜ?

ಜಪಾನಿನ ಗ್ರಾಹಕ ವ್ಯವಹಾರಗಳ ಸಂಸ್ಥೆಯ ಪ್ರಕಾರ, 2018 ಮತ್ತು 2019ರಲ್ಲಿ ಮೋಚಿ ಗಂಟಲಲ್ಲಿ ಸಿಕ್ಕಿ 65 ವರ್ಷ ಮೇಲ್ಪಟ್ಟ 661 ಮಂದಿ ಸತ್ತರು. ಅದರಲ್ಲಿ ಶೇ 43ರಷ್ಟು ಸಾವು ಜನವರಿಯಲ್ಲಿ, ಅಂದರೆ ಹೊಸ ವರ್ಷದ ಊಟದ ತಿಂಗಳಲ್ಲಿ ಆದದ್ದು. ಹುಟ್ಟಿನಿಂದ ಮೋಚಿ ತಿಂದು ಬೆಳೆದವರ ಕಥೆಯೇ ಹೀಗೆ. ಹಿಗ್ಗುವ ಗುಣವೇ ಇಲ್ಲಿ ಶತ್ರು: ತುತ್ತು ಪುಡಿಯಾಗದೆ ಅಂಟಿಕೊಂಡು ಉಸಿರಿನ ದಾರಿಯನ್ನೇ ಮುಚ್ಚುತ್ತದೆ. ವಯಸ್ಸಾದಂತೆ ಹಲ್ಲು, ಜೊಲ್ಲು, ನುಂಗುವ ಶಕ್ತಿ ಎಲ್ಲವೂ ಕಡಿಮೆಯಾಗುತ್ತವೆ.

ಹಾಗಾಗಿ ನಮ್ಮ ಸಲಹೆ:

• ಐದು ವರ್ಷದೊಳಗಿನ ಮಕ್ಕಳಿಗೆ, ನುಂಗಲು ಕಷ್ಟಪಡುವ ಹಿರಿಯರಿಗೆ ಕೊಡಬೇಡಿ.
• ಉಳಿದವರಿಗೂ ಉಂಡೆ ಬೇಡ, ಹೆಬ್ಬೆರಳಿನ ಉಗುರಿನಷ್ಟು ತುಂಡು ಮಾಡಿ.
• ಇಡೀ ದ್ರಾಕ್ಷಿ ಒಳಗಿಡಬೇಡಿ. ಗುಂಡಗಿನ ಹಣ್ಣು ಅಪಾಯವನ್ನು ಹೆಚ್ಚಿಸುತ್ತದೆ.
• ಮೊದಲು ಒಂದು ಗುಟುಕು ನೀರು ಕುಡಿದು, ಕೂತು, ಚೆನ್ನಾಗಿ ಅಗಿದು ತಿನ್ನಿ. ‘ಒಂದೇ ಬಾಯಿಗೆ’ ಪಂದ್ಯ ಬೇಡವೇ ಬೇಡ.

ಸಿಕ್ಕಿಕೊಂಡರೆ ಏನು ಮಾಡಬೇಕು?

ಕೆಮ್ಮಲು, ಮಾತಾಡಲು ಆಗುತ್ತಿದ್ದರೆ ಜೋರಾಗಿ ಕೆಮ್ಮಲು ಹೇಳಿ. ದನಿಯೇ ಹೊರಡದಿದ್ದರೆ ಕೂಡಲೇ ಮುಂದಕ್ಕೆ ಬಾಗಿಸಿ, ಬೆನ್ನಿನ ಎರಡು ಹೆಗಲೆಲುಬುಗಳ ನಡುವೆ ಅಂಗೈ ಬುಡದಿಂದ ಐದು ಸಲ ಬಲವಾಗಿ ಹೊಡೆಯಿರಿ. ಬರದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿನ ಸ್ವಲ್ಪ ಮೇಲೆ ಮುಷ್ಟಿ ಇಟ್ಟು ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಿ. ವಸ್ತು ಹೊರಬರುವವರೆಗೆ ಎರಡನ್ನೂ ಒಂದಾದ ಮೇಲೊಂದು ಮಾಡುತ್ತಿರಿ. ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ವರ್ಷ ತುಂಬದ ಮಗುವಿಗೆ, ಗರ್ಭಿಣಿಗೆ ಹೊಟ್ಟೆ ಒತ್ತಬಾರದು, ಎದೆ ಒತ್ತಬೇಕು. ಪ್ರಜ್ಞೆ ತಪ್ಪಿದರೆ ಸಿಪಿಆರ್ ಶುರುಮಾಡಿ.

‘ನೀರು ಕುಡಿಸು, ಬಾಳೆಹಣ್ಣು ನುಂಗಿಸು’ ಎಂಬ ಮನೆಮದ್ದು ಇಲ್ಲಿ ಪ್ರಾಣಕ್ಕೇ ಕುತ್ತು. ಮುಚ್ಚಿದ ದಾರಿಗೆ ಇನ್ನಷ್ಟು ತುರುಕಿದಂತಾಗುತ್ತದೆ. ಕಾಣದ ತುಂಡಿಗಾಗಿ ಬಾಯೊಳಗೆ ಬೆರಳು ಹಾಕಿ ತಡಕಾಡಬೇಡಿ.

ಮೋಚಿ ವಿಡಿಯೊವನ್ನು ಯಾರಿಗಾದರೂ ಕಳಿಸುವಿರಾದರೆ, ಈ ಕೊನೆಯ ಭಾಗವನ್ನೂ ಜೊತೆಗೇ ಕಳಿಸಿ.