ರಕ್ತಶರ್ಕರಾಧಿಕ್ಯದ ರೋಗಸಂಕೇತನ

ರಕ್ತದಲ್ಲಿ ಸಕ್ಕರೆಯು ಮಿತಿಮೀರಿದೆಯೆಂದು ವೈದ್ಯನು ಬರೆದ ನಿರ್ಣಯವನ್ನು ವಿಶ್ವ ಆರೋಗ್ಯ ಸಂಸ್ಥೆಯ ಅಂತಾರಾಷ್ಟ್ರೀಯ ರೋಗವರ್ಗೀಕರಣದ ಅಕ್ಷರಾಂಕಗಳಲ್ಲಿ ದಾಖಲಿಸುವ ಕಾರ್ಯ. 1990ರಲ್ಲಿ ಅಂಗೀಕೃತವಾದ ಹತ್ತನೆಯ ಪರಿಷ್ಕರಣವನ್ನು ಇಲ್ಲಿ ಅನುಸರಿಸಲಾಗಿದೆ. ಹನ್ನೊಂದನೆಯದು 2022ರ ಜನವರಿಯಲ್ಲಿ ಜಾರಿಗೆ ಬಂದಿತು.

ವಿಜಯಪುರ ಜಿಲ್ಲೆಯ ಭೂತನಾಳ, ತಿಕೋಟಾ, ಬಬಲೇಶ್ವರಗಳ ಕಡೆಯ ಜನ 'ಸಕ್ಕರಿ ಬ್ಯಾನಿ' ಎಂದೋ ಬರಿದೆ 'ಶುಗರ್' ಎಂದೋ ಒಂದೇ ಮಾತಿನಲ್ಲಿ ಹೇಳಿಬಿಡುವುದು ವರ್ಗೀಕರಣದಲ್ಲಿ ಎರಡಾಗಿ ಒಡೆಯುತ್ತದೆ. ರೋಗವೆಂದು ಇನ್ನೂ ನಿರ್ಧಾರವಾಗದೆ ಪರೀಕ್ಷೆಯಲ್ಲಿ ಮಾತ್ರ ಕಂಡ ಏರಿಕೆಗೆ ಆರ್ 73.9 ಎಂಬ ಸಂಕೇತವಿದ್ದರೆ, ಮಧುಮೇಹವೆಂದು ನಿಶ್ಚಿತವಾದದ್ದಕ್ಕೆ ಇ 10ರಿಂದ ಇ 14ರವರೆಗಿನ ಸ್ಥಾನಗಳಿವೆ. ಸ್ಟೆರಾಯ್ಡ್ ಔಷಧದಿಂದಲೋ ತೀವ್ರ ಸೋಂಕಿನಿಂದಲೋ ಕೆಲವು ದಿನ ಸಕ್ಕರೆ ಏರಿ ಇಳಿಯುವುದುಂಟು. ಉಪವಾಸದಲ್ಲಿ ಪ್ರತಿ ಡೆಸಿಲೀಟರಿಗೆ 126 ಮಿಲಿಗ್ರಾಂ ಎಂಬ ಗಡಿಯನ್ನು ಪರೀಕ್ಷೆಯ ಚೀಟಿಯ ಅಂಕವು ಒಮ್ಮೆ ದಾಟಿದ ಮಾತ್ರಕ್ಕೆ, ಲಕ್ಷಣಗಳಿಲ್ಲದವನನ್ನು ಮರುಪರೀಕ್ಷೆಯಿಲ್ಲದೆ ಮಧುಮೇಹಿಯೆಂದು ಬರೆಯಲಾಗದು. ಅಂಕವನ್ನು ನೋಡಿ ರೋಗವನ್ನು ಊಹಿಸುವ ಅಧಿಕಾರ ಸಂಕೇತ ಹಾಕುವವನಿಗೆ ಇಲ್ಲವೇ ಇಲ್ಲ. ಸಂದೇಹ ಬಂದಲ್ಲಿ ಆತನು ವೈದ್ಯನನ್ನೇ ಕೇಳತಕ್ಕದ್ದು.

ಆದುದರಿಂದ ಇಡಿಯ ಭಾರ ವೈದ್ಯನ ಬರವಣಿಗೆಯ ಮೇಲೆ ಬೀಳುತ್ತದೆ. ಹೊಲದಲ್ಲಿ ಬರಿಗಾಲಿನಲ್ಲಿ ದುಡಿದು, ಮುಳ್ಳು ನೆಟ್ಟಿದ್ದೂ ತಿಳಿಯದೆ, ಬೆರಳು ಕಪ್ಪಗಾದ ಮೇಲೆ ಆಸ್ಪತ್ರೆಗೆ ಬಂದ ರೈತನೊಬ್ಬನನ್ನು ನೆನೆಯೋಣ. ಅವನ ಕೇಸ್ ಪೇಪರಿನಲ್ಲಿ 'ಡಿಎಂ' (ಡಯಾಬಿಟಿಸ್ ಮೆಲಿಟಸ್, ಅಂದರೆ ಮಧುಮೇಹ) ಎಂಬ ಎರಡೇ ಅಕ್ಷರಗಳಿದ್ದರೆ, ಬಗೆಯೂ ತೊಡಕೂ ತಿಳಿಯದ ಇ 14.9 ಎಂಬುದೇ ಅವನ ಪಾಲಿಗೆ ಬರುತ್ತದೆ. 'ಟೈಪ್ 2 ಮಧುಮೇಹ, ಅದರಿಂದ ಬಲಗಾಲಿನ ಬೆರಳಿನ ಕೊಳೆತ' ಎಂದು ಪೂರ್ಣವಾಗಿ ಬರೆದಿದ್ದರೆ ಇ 11.5 ಆಗುತ್ತದೆ. ಬಿಂದುವಿನ ಮುಂದಿನ ಅಂಕೆಯೇ ತೊಡಕನ್ನು ಸೂಚಿಸುವುದು: 2 ಮೂತ್ರಪಿಂಡಕ್ಕೆ, 3 ಕಣ್ಣಿಗೆ, 4 ನರಗಳಿಗೆ, 5 ಕೈಕಾಲಿನ ರಕ್ತಸಂಚಾರಕ್ಕೆ. ಗರ್ಭಿಣಿಯ ಮಧುಮೇಹವು ಇವುಗಳಲ್ಲಿ ಸೇರದೆ ಒ 24ರಲ್ಲಿ ನಿಲ್ಲುತ್ತದೆ.

ಬರವಣಿಗೆಯ ಲೋಪವು ಅತ್ಯಂತ ದುಃಖಕರವಾಗುವುದು ಮರಣದ ದಾಖಲೆಯಲ್ಲಿ. 1969ರ ಜನನ ಮರಣ ನೋಂದಣಿ ಅಧಿನಿಯಮದ ಮೇರೆಗೆ ಆಸ್ಪತ್ರೆಯಲ್ಲಾದ ಸಾವಿಗೆ ನಮೂನೆ 4ರಲ್ಲಿಯೂ, ಮನೆಯಲ್ಲಾದುದಕ್ಕೆ ನಮೂನೆ 4ಎಯಲ್ಲಿಯೂ ವೈದ್ಯನು ಕಾರಣಪರಂಪರೆಯನ್ನು ಬರೆಯಬೇಕು: ಮೇಲಿನ ಸಾಲಿನಲ್ಲಿ ತತ್‌ಕ್ಷಣದ ಕಾರಣ, ಕೆಳಗಿನ ಸಾಲಿನಲ್ಲಿ ಅದಕ್ಕೆಲ್ಲ ಮೂಲವಾದ ರೋಗ. ಮೇಲೆ 'ಹೃದಯಸ್ತಂಭನ' ಎಂದಷ್ಟೇ ಬರೆದು ಕೆಳಗಿನ ಸಾಲುಗಳನ್ನು ಖಾಲಿ ಬಿಟ್ಟರೆ, ಹತ್ತಾರು ವರ್ಷ ಸತ್ತವನ ದೇಹವನ್ನು ಸವೆಸಿದ ಮಧುಮೇಹವು ಜಿಲ್ಲೆಯ ಲೆಕ್ಕಕ್ಕೆ ಬಾರದು.